ಮಗುವಿನ ವಾಸನೆ ಬದಲಾಗಿದೆ ಅಂತ ಅಮ್ಮ ಹೇಳಿದರೆ ನಗಬೇಡಿ

ಮಗುವಿನ ಮೈ ಏನೋ ವಾಸನೆ ಬರ್ತಿದೆ ಅಂದ ತಕ್ಷಣ ನಮ್ಮಲ್ಲಿ ಮೊದಲು ಬೈಸಿಕೊಳ್ಳುವವಳು ತಾಯಿ. ಸರಿಯಾಗಿ ಸ್ನಾನ ಮಾಡಿಸಲ್ವಾ, ಬಟ್ಟೆ ಬಿಸಿಲಿಗೆ ಹಾಕಲ್ವಾ ಅಂತ. ಆಮೇಲೆ ಮಗುವಿನ ಸರದಿ. ಆಮೇಲೆ ಅಂಗಡಿಯಿಂದ ಒಂದು ಡಬ್ಬ ಪೌಡರ್ ಬರುತ್ತದೆ. ಡಾಕ್ಟರಿಗೆ ತೋರಿಸೋಣ ಅನ್ನುವ ಮಾತು ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಅಲ್ಲಿಗೆ ಹೋದ ಮೇಲೂ "ವಾಸನೆ" ಅಂದರೆ ಕೆಲವು ಡಾಕ್ಟರುಗಳೇ ನಕ್ಕು ಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ನಮ್ಮ ಬೀದಿಯಲ್ಲಿ ಒಂದು ಪುಟ್ಟ ಹುಡುಗಿ ಇದ್ದಾಳೆ, ಅಂಗನವಾಡಿಗೆ ಹೋಗುವ ವಯಸ್ಸು. ಹತ್ತಿರ ಬಂದರೆ ಏನೋ ಕೊಳೆತ ವಾಸನೆ. ಅವಳಮ್ಮ ಬೆಳಿಗ್ಗೆ ಸಂಜೆ ಸ್ನಾನ ಮಾಡಿಸಿ, ನೀರಿಗೆ ಬೇವಿನ ಸೊಪ್ಪು ಹಾಕಿ, ಹಲ್ಲು ಉಜ್ಜಿಸಿ ಉಜ್ಜಿಸಿ ಸಾಕಾಗಿ ಹೋಗಿದ್ದಳು. ಬೇರೆ ಮಕ್ಕಳು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಹುಡುಗಿಗೆ ಸಿಂಬಳ ಇತ್ತು, ಆದರೆ ಒಂದೇ ಹೊಳ್ಳೆಯಲ್ಲಿ, ಅದೂ ಹಳದಿ ಹಸಿರು ಬಣ್ಣದ್ದು. ಕೊನೆಗೆ ಕಿವಿ ಮೂಗು ಗಂಟಲಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಒಳಗಿನಿಂದ ಎಳೆದು ತೆಗೆದದ್ದು ಹಾಸಿಗೆಯ ಫೋಮಿನ ಒಂದು ಚೂರು. ಊದಿಕೊಂಡು ಕಪ್ಪಾಗಿತ್ತಂತೆ. ವಾಸನೆ ಅಲ್ಲಿಗೆ ಮುಗಿಯಿತು. ಆ ತಾಯಿ ತಿಂದ ಮಾತುಗಳನ್ನು ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ ಬಿಡಿ.

ಇದು ಮಕ್ಕಳ ಡಾಕ್ಟರುಗಳಿಗೆ ತೀರಾ ಹಳೆಯ ವಿಷಯ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಒಳಗೆ ಏನೋ ಸಿಕ್ಕಿದೆ ಅಂತಲೇ ಅವರು ಮೊದಲು ಯೋಚಿಸುತ್ತಾರೆ. ಕಡಲೆಬೀಜ, ಮಣಿ, ಪೇಪರ್ ಉಂಡೆ, ಏನು ಬೇಕಾದರೂ ಇರಬಹುದು. ಮನೆಯಲ್ಲೇ ಪಿನ್ನು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಆಟಿಕೆಯ ಗುಂಡಿ ಬ್ಯಾಟರಿ ಏನಾದರೂ ಕಾಣೆಯಾಗಿದ್ದರೆ ವಾಸನೆ ಬರಲಿ ಅಂತ ಕಾಯುವ ಹಾಗೇ ಇಲ್ಲ. ಅದು ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸವನ್ನು ಸುಟ್ಟುಬಿಡುತ್ತದೆ, ಕೂಡಲೇ ಓಡಬೇಕು.

ತಾಯಿಯ ಮೂಗನ್ನು ನಂಬಿ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಅನ್ನುವ ಹೆಂಗಸಿಗೆ ಇಬ್ಬರು ಮಕ್ಕಳು, ಲಿವ್ ಮತ್ತು ದಾಗ್. ಇಬ್ಬರದ್ದೂ ಬುದ್ಧಿ ಬೆಳೆಯಲಿಲ್ಲ. ಇಬ್ಬರಲ್ಲೂ ಒಂಥರಾ ವಿಚಿತ್ರ ಮುಗ್ಗು ವಾಸನೆ. ಆಕೆ ಡಾಕ್ಟರಿಂದ ಡಾಕ್ಟರಿಗೆ ಅಲೆದಳು, ಈ ವಾಸನೆಗೂ ಮಕ್ಕಳ ಸ್ಥಿತಿಗೂ ಏನೋ ಸಂಬಂಧ ಇದೆ ಅಂತ ಹೇಳಿದಳು, ಕೇಳಿದವರಿಲ್ಲ. 1934ರಲ್ಲಿ ಆಸ್‌ಬ್ಯೋರ್ನ್ ಫೋಲಿಂಗ್ ಅನ್ನುವ ಡಾಕ್ಟರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಅನ್ನುವ ರಾಸಾಯನಿಕ ಹಾಕಿ ನೋಡಿದರು. ಮೂತ್ರ ಹಸಿರಾಯಿತು. ಹಾಗಾಗುವುದನ್ನು ಅವರು ಅದುವರೆಗೆ ನೋಡಿರಲಿಲ್ಲ. ಅದರ ಜಾಡು ಹಿಡಿದು ಅವರು ಕಂಡುಹಿಡಿದ ಕಾಯಿಲೆಯನ್ನೇ ಇವತ್ತು ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಅಂತ ಕರೆಯುತ್ತಾರೆ. ಊಟದ ಪ್ರೋಟೀನಿನಲ್ಲಿರುವ ಫೀನೈಲ್‌ಅಲನಿನ್ ಅನ್ನುವ ಅಂಶವನ್ನು ಈ ಮಕ್ಕಳ ದೇಹ ಒಡೆಯಲಾರದು, ಅದು ಸೇರಿಕೊಂಡು ಮಿದುಳಿಗೆ ಪೆಟ್ಟು ಕೊಡುತ್ತದೆ. ಆ ಇಬ್ಬರು ಮಕ್ಕಳಿಗೆ ತಡವಾಗಿತ್ತು. ಈಗ ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿ ಚುಚ್ಚಿ ರಕ್ತ ಪರೀಕ್ಷೆ ಮಾಡಿ, ಬೇಗ ಪಥ್ಯ ಶುರು ಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ.

ಇದೇ ಜಾತಿಯ ಇನ್ನೊಂದು ಕಾಯಿಲೆ ಇದೆ, ಎಂಎಸ್‌ಯುಡಿ, ಅಂದರೆ ಮೇಪಲ್ ಸಿರಪ್ ಯೂರಿನ್ ಡಿಸೀಸ್. ಅದರಲ್ಲಿ ಮೂತ್ರ ಮತ್ತು ಕಿವಿಯ ಗುಗ್ಗೆ ಸುಟ್ಟ ಸಕ್ಕರೆಯ ಹಾಗೆ ಸಿಹಿ ವಾಸನೆ ಬರುತ್ತದೆ. ತಮಾಷೆ ಏನು ಗೊತ್ತಾ, ಆ ವಾಸನೆ ಕೊಡುವ ಸೊಟೊಲೋನ್ ಅನ್ನುವ ವಸ್ತುವೇ ನಮ್ಮ ಮೆಂತ್ಯದಲ್ಲೂ ಇದೆ! ಬಾಣಂತಿ ಮೆಂತ್ಯದ ಉಂಡೆ, ಮೆಂತ್ಯದ ಗಂಜಿ ಜಾಸ್ತಿ ತಿಂದಿದ್ದರೆ ಏನೂ ಕಾಯಿಲೆ ಇಲ್ಲದ ಕೂಸಿನ ಮೂತ್ರವೂ ಅದೇ ವಾಸನೆ ಬರಬಹುದು. ಹಾಗಾಗಿ ಡಾಕ್ಟರಿಗೆ ಮೆಂತ್ಯ ತಿಂದ ಸುದ್ದಿಯನ್ನೂ ಹೇಳಿ. ಆದರೆ "ಅದು ಮೆಂತ್ಯದ ವಾಸನೆ ಬಿಡಿ" ಅಂತ ಮನೆಯಲ್ಲೇ ಯಾರೂ ತೀರ್ಪು ಕೊಡಬೇಡಿ. ಎರಡು ಮೂರು ದಿನ ಚೆನ್ನಾಗಿದ್ದ ಕೂಸು ಹಾಲು ಕುಡಿಯುವುದು ಬಿಟ್ಟು, ಎಬ್ಬಿಸಿದರೂ ಏಳದೆ, ಅಳುವ ದನಿಯೇ ಬೇರೆ ಥರ ಆಗಿ, ಜೊತೆಗೆ ಇಂಥ ವಾಸನೆಯೂ ಇದ್ದರೆ ಬೆಳಗಾಗಲಿ ಅಂತ ಕಾಯುವುದಲ್ಲ. ವಾಸನೆ ಇಲ್ಲದಿದ್ದರೂ ಅಂಥ ಕೂಸನ್ನು ಕಾಯಿಸಬಾರದು. ನಮ್ಮ ಬಾಣಂತನದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಎಲ್ಲ ವಾಸನೆಯನ್ನೂ ಮುಚ್ಚಿಬಿಡುತ್ತದೆ ಅನ್ನುವುದು ಬೇರೆ ಮಾತು.

ಇವೆಲ್ಲ ಅಪರೂಪದ ಕಾಯಿಲೆಗಳು, ಒಪ್ಪುತ್ತೇನೆ. ಆದರೆ ಅಪ್ಪ ಅಮ್ಮ ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಇದ್ದಾಗ ಮಾತ್ರ ಬರುವಂಥವು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಆ ಸಾಧ್ಯತೆ ಜಾಸ್ತಿ. ಮನೆತನದಲ್ಲಿ ಹಿಂದೆ ಯಾವುದಾದರೂ ಕೂಸು ಕಾರಣ ಗೊತ್ತಾಗದೆ ತೀರಿಕೊಂಡಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಡಾಕ್ಟರಿಗೆ ಅದೇ ದೊಡ್ಡ ಸುಳಿವು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಇದನ್ನೆಲ್ಲ ನೋಡುವ ಪರಿಣತರಿದ್ದಾರೆ.

ಇನ್ನು ದೊಡ್ಡ ಮಕ್ಕಳು. ಬಾಯಿಂದ ಹಣ್ಣು ಕಳಿತ ಹಾಗೆ, ಅಥವಾ ನೇಲ್ ಪಾಲಿಶ್ ಅಳಿಸುವ ದ್ರವದ ಹಾಗೆ ವಾಸನೆ ಬರುತ್ತಿದೆಯಾ? ಉಪವಾಸವಿದ್ದಾಗ, ವಾಂತಿಯಾಗಿ ಊಟ ಬಿಟ್ಟಾಗ ಸ್ವಲ್ಪ ಹಾಗಾಗುವುದುಂಟು. ಆದರೆ ಮಗು ವಿಪರೀತ ನೀರು ಕುಡಿಯುತ್ತಾ, ಪದೇ ಪದೇ ಮೂತ್ರಕ್ಕೆ ಹೋಗುತ್ತಾ, ಯಾವತ್ತೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದನ್ನು ಮತ್ತೆ ಶುರು ಮಾಡಿ, ತೂಕವೂ ಇಳಿದಿದ್ದರೆ ಅದು ಸಕ್ಕರೆ ಕಾಯಿಲೆ ಇರಬಹುದು. ಹೌದು, ಮಕ್ಕಳಿಗೂ ಬರುತ್ತದೆ. ಇದರ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು ಸೇರಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ. ಅಜ್ಜನ ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಮಗುವಿನ ಬೆರಳಿಗೂ ಒಂದು ಸಲ ಚುಚ್ಚಿ ನೋಡಿ. ಕಳಿತ ಹಣ್ಣಿನ ಈ ವಾಸನೆ ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಅದಕ್ಕೇ ವಾಸನೆಯೊಂದನ್ನೇ ನಂಬಿಕೊಂಡು ಕೂರಬೇಡಿ.

ಕಂಕುಳ ಬೆವರಿನ ನಾತ ದೊಡ್ಡವರಾಗುವ ವಯಸ್ಸಿಗೆ ಬರುವುದು ಸಹಜ. ಹೆಣ್ಣುಮಕ್ಕಳಿಗೆ 8 ವರ್ಷಕ್ಕೆ ಮೊದಲು, ಗಂಡುಮಕ್ಕಳಿಗೆ 9ಕ್ಕೆ ಮೊದಲು ಶುರುವಾದರೆ ಒಮ್ಮೆ ತೋರಿಸಿ. ಹೆಚ್ಚಿನ ಸಲ ಏನೂ ಇರುವುದಿಲ್ಲ. ಡಿಯೋ ಹಾಕಿ ಮುಚ್ಚುವುದಂತೂ ಬೇಡ. ಶೂ ಬಿಚ್ಚಿದಾಗಿನ ಗಬ್ಬಿಗೆ ದಿನಾ ಒಗೆದ ಹತ್ತಿ ಸಾಕ್ಸು, ಒಣಗಿದ ಶೂ ಸಾಕು.

ಡಾಕ್ಟರ ಹತ್ತಿರ ಹೋದಾಗ ಬರೀ "ವಾಸನೆ" ಅನ್ನಬೇಡಿ. ಎಲ್ಲಿಂದ, ಬಾಯಿಂದಲಾ, ಮೂಗಿಂದಲಾ, ಮೂತ್ರದಿಂದಲಾ, ಇಡೀ ಮೈಯಿಂದಲಾ. ಎಂದಿನಿಂದ. ಸ್ನಾನ ಆದ ಅರ್ಧ ಗಂಟೆಗೂ ಇರುತ್ತಾ. ಏನು ತಿಂದಾಗ ಜಾಸ್ತಿ. ಮತ್ತೆ, ಹೋಗುವ ಮುಂಚೆ ಪೌಡರ್ ಬಳಿದು ಘಮಘಮ ಅನ್ನಿಸಿ ಕರೆದುಕೊಂಡು ಹೋಗಬೇಡಿ ಮಾರಾಯ್ರೆ, ಅವರಿಗೂ ಮೂಗಿದೆ, ಅದಕ್ಕೂ ಕೆಲಸ ಕೊಡಿ.