ಪಿಳ್ಳೆಗಳಿಗೊಬ್ಬಳು ದೊಡ್ಡಮ್ಮ

‘ಕೋಳಿ ತುಳಿದು ಮರಿ ಸತ್ತೀತೇ’ ಅಂತ ಗಾದೆ ಕಟ್ಟಿದವರ ಮನೆಯಲ್ಲಿ ಒಂದೇ ಒಂದು ಕೋಳಿ ಇದ್ದಿರಬೇಕು. ತಾಯಿ ತುಳಿದರೆ ಮರಿ ಸಾಯಲ್ಲ, ಒಪ್ಪಿಕೊಳ್ಳೋಣ. ದೊಡ್ಡಮ್ಮ ಕುಕ್ಕಿದರೆ? ಚಿಕ್ಕಮ್ಮ ಅಟ್ಟಿಸಿಕೊಂಡು ಬಂದರೆ? ಗಾದೆ ಅಲ್ಲಿಗೆ ಬಾಯಿ ಮುಚ್ಚಿಕೊಳ್ಳುತ್ತದೆ.

ನಮ್ಮದು ಹಾಸನ ಕಡೆಯ ಸಣ್ಣ ಊರು. ಹಿತ್ತಲಲ್ಲಿ ಎರಡು ತೆಂಗು, ಒಂದು ನುಗ್ಗೆ, ಮೂಲೆಯಲ್ಲಿ ಸೌದೆ ಕೊಟ್ಟಿಗೆ. ಮಿಕ್ಕಿದ್ದೆಲ್ಲ ಕೋಳಿಗಳದ್ದು. ಕೆಂಪಿ, ಚುಕ್ಕಿ ಇಬ್ಬರೂ ನಾಟಿ. ಬೋಳುಕುತ್ತಿಗೆಯವಳಿಗೆ ಹೆಸರಿಲ್ಲ. ಅವಳ ಕುತ್ತಿಗೆ ನೋಡಿದ ಮೇಲೆ ಹೆಸರಿಡುವ ಹುಮ್ಮಸ್ಸು ಯಾರಿಗೂ ಉಳಿಯಲ್ಲ. ಇನ್ನೊಬ್ಬಳು ಗಿರಿರಾಜ ತಳಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿತ್ತಲಿಗೆ ಅಂತಲೇ ಬೆಳೆಸಿದ ತಳಿ ಅದು. ಮಗಳು ಅವಳನ್ನು ಗಿರಿಜಾ ಮಾಡಿಕೊಂಡಿದ್ದಾಳೆ.

ಗಿರಿಜಾ ನಾಟಿಯವರಿಗಿಂತ ದಪ್ಪ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರುವುದು ಈ ತಳಿಗೆ ಆಗಿಬರಲ್ಲ. ಮೊಟ್ಟೆ ಇಟ್ಟು, ಊರಿಗೆಲ್ಲ ಕೇಳುವಂತೆ ಕೂಗಿ, ಹೊರಟೇಬಿಡುತ್ತಾಳೆ. ಅದಕ್ಕೇ ಗಿರಿರಾಜ ಸಾಕಿದವರು ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಟ್ಟು ಮರಿ ಮಾಡಿಸುತ್ತಾರೆ. ನಮ್ಮಲ್ಲಿ ಆ ಜವಾಬ್ದಾರಿ ಕೆಂಪಿಯದ್ದು.

ಹೋದ ಆಷಾಢದಲ್ಲಿ ಕೆಂಪಿ ಕಾವಿಗೆ ಕೂತಳು. ಮಂಕರಿಗೆ ಭತ್ತದ ಹುಲ್ಲು ಹಾಸಿ, ಅವಳದ್ದೂ ಗಿರಿಜಾಳದ್ದೂ ಸೇರಿಸಿ ಮೊಟ್ಟೆ ಜೋಡಿಸಿದ್ದು ನಮ್ಮ ಅತ್ತೆ. ಬೆಸ ಸಂಖ್ಯೆಯೇ ಆಗಬೇಕು, ಅಮಾವಾಸ್ಯೆ ಹತ್ತಿರ ಇರಬಾರದು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಮೊಳೆ, ದೃಷ್ಟಿಗೆ ಒಣಮೆಣಸಿನಕಾಯಿ. ನಾನು ಮಾತ್ರ ಒಂದೊಂದು ಮೊಟ್ಟೆಗೂ ಇದ್ದಿಲಲ್ಲಿ ಗೆರೆ ಎಳೆದೆ. ಕೆಂಪಿ ಕಾಳಿಗೆ ಎದ್ದಾಗ ಬೇರೆಯವರು ಬಂದು ಅದೇ ಮಂಕರಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತಾರೆ. ಗೆರೆ ಇಲ್ಲದ್ದನ್ನು ಆವತ್ತೇ ಎತ್ತದಿದ್ದರೆ ಕೆಲವು ಮರಿ ಇವತ್ತು, ಕೆಲವು ಮುಂದಿನ ವಾರ ಆಗಿ ತಾಯಿಗೆ ಕೂರಬೇಕೋ ಏಳಬೇಕೋ ತಿಳಿಯಲ್ಲ.

21 ದಿನಕ್ಕೆ ಸರಿಯಾಗಿ ಮರಿ ಒಡೆದವು. ಯಜಮಾನರು ಮೊದಲೇ ತಯಾರಾಗಿದ್ದರು. ಹದ್ದಿಗೆ ಅಂತ ಮೇಲೆ ಬಲೆ, ಮುಂಗುಸಿಗೆ ಅಂತ ಬೇಲಿಯ ಕಿಂಡಿಗೆಲ್ಲ ಕಲ್ಲು, ಕಾಗೆ ಓಡಿಸೋಕೆ ಮಗಳ ಕೈಗೆ ಒಂದು ಕೋಲು. ಶತ್ರು ಬಲೆಯ ಒಳಗೇ ಕಾಳು ತಿಂದುಕೊಂಡು ಓಡಾಡುತ್ತಿದ್ದಾಳೆ ಅಂತ ಯಾರಿಗೆ ಗೊತ್ತು?

ಕೆಂಪಿ ಪಿಳ್ಳೆಗಳನ್ನು ಹಿತ್ತಲಿಗೆ ಇಳಿಸಿದಳು. ಒಂದು ಗೆದ್ದಲು ಸಿಕ್ಕಿತು. ತಾನು ತಿನ್ನದೆ ಕೊಕ್ಕಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ‘ಕೊಕ್ ಕೊಕ್ ಕೊಕ್’ ಅಂತ ಕರೆದಳು. ಎಲ್ಲ ಓಡಿ ಬಂದವು, ಒಂದನ್ನು ಬಿಟ್ಟು. ಅದು ಗಿರಿಜಾಳ ಕಾಲ ಹತ್ತಿರ ನಿಂತಿತ್ತು. ಗಿರಿಜಾ ಕತ್ತು ಓರೆ ಮಾಡಿದಳು. ಒಂದು ಕಣ್ಣಲ್ಲಿ ನೋಡಿದಳು. ಕತ್ತು ತಿರುಗಿಸಿ ಇನ್ನೊಂದು ಕಣ್ಣಲ್ಲೂ ನೋಡಿದಳು. ಆಮೇಲೆ ನೆತ್ತಿಗೆ ಟಕ್ ಅಂತ ಒಂದೇ ಕುಕ್ಕು. ಕೆಂಪಿ ರೆಕ್ಕೆ ಕೆದರಿಕೊಂಡು ಹಾರಿದಳು, ಚುಕ್ಕಿ ನಡುವೆ ನುಗ್ಗಿದಳು, ಬೋಳುಕುತ್ತಿಗೆಯವಳು ಎಲ್ಲರೂ ಜಗಳದಲ್ಲಿದ್ದಾಗ ನುಚ್ಚೆಲ್ಲ ಖಾಲಿ ಮಾಡಿದಳು. ನಾಲ್ಕು ಜನ ಓರಗಿತ್ತಿಯರಿರುವ ಮನೆಗೆ ಹೊಸ ಕೂಸು ಬಂದ ಹಾಗಿತ್ತು. ಹೆತ್ತವಳಿಗೆ ಮೊದಲ ಉಪಚಾರ, ಮೊದಲ ತುತ್ತು. ಇಷ್ಟು ದಿನ ಹಿರಿಯಳಾಗಿ ಮೆರೆದವಳು ಅದನ್ನ ಸಹಿಸ್ತಾಳಾ?

ತಮಾಷೆ ಏನಂದರೆ, ಕುಕ್ಕಿಸಿಕೊಂಡ ಪಿಳ್ಳೆ ಗಿರಿಜಾಳದ್ದೇ. ಮಿಕ್ಕವಕ್ಕಿಂತ ದೊಡ್ಡದು, ಕಾಲು ದಪ್ಪ, ಅನುಮಾನವೇ ಇಲ್ಲ. ಆದರೆ ಕೋಳಿಗಳ ಕಾನೂನಿನಲ್ಲಿ ಮೊಟ್ಟೆ ಇಟ್ಟವಳು ತಾಯಿಯಲ್ಲ, ಕಾವು ಕೊಟ್ಟವಳು ತಾಯಿ. ಮರಿ ಒಡೆಯುವ ಮೊದಲೇ ಮೊಟ್ಟೆಯೊಳಗಿಂದ ಚೀಂವ್ ಅನ್ನುತ್ತೆ, ಮೇಲಿರುವವಳು ಕೊರ್ ಅಂತ ಉತ್ತರ ಕೊಡುತ್ತಾಳೆ. ಅಲ್ಲಿಗೆ ಪರಿಚಯ ಆಯಿತು. ಆ ಮಾತುಕತೆಯಲ್ಲಿ ಇಲ್ಲದ ಗಿರಿಜಾಗೆ ಅದು ಮಗನೂ ಅಲ್ಲ, ಮರಿಯೂ ಅಲ್ಲ. ತನ್ನ ಜಾಗಕ್ಕೆ ಬಂದ ಯಾವುದೋ ಸಣ್ಣ ಪ್ರಾಣಿ.

“ಅವ್ಳನ್ನ ಸಾರು ಮಾಡ್ಬಿಡೇ, ಎಲ್ಲ ಸರಿಹೋಗುತ್ತೆ” ಅಂದರು ಅತ್ತೆ. ಕೋಳಿಯ ಯಾವ ಸಮಸ್ಯೆಗೂ ಅವರದ್ದು ಇದೊಂದೇ ಪರಿಹಾರ. ಆದರೆ ಅಷ್ಟರಲ್ಲಿ ಶ್ರಾವಣ ಬಂದಿತ್ತು. ನಮ್ಮ ಮನೆಯಲ್ಲಿ ಶ್ರಾವಣ ಮುಗಿಯುವವರೆಗೂ ಬಾಡು ಇಲ್ಲ. ಗಿರಿಜಾ ಪಂಚಾಂಗ ನೋಡಿಯೇ ಕುಕ್ಕಿದ್ದಳು ಅಂತ ನನಗೆ ಈಗಲೂ ಗುಮಾನಿ.

ಪಿಳ್ಳೆಯ ನೆತ್ತಿಯಲ್ಲಿ ರಕ್ತ ಕಂಡರೆ ಮಿಕ್ಕ ಕೋಳಿಗಳೂ ಅಲ್ಲಿಗೇ ಕುಕ್ಕುತ್ತವೆ. ಕೆಂಪು ಕಂಡರೆ ಅವಕ್ಕೆ ಹಾಗೆ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ತಲೆ ತುಂಬ ಬಳಿದೆ. ಮಗಳು ಅವತ್ತೇ ಅದಕ್ಕೆ ಮದುಮಗ ಅಂತ ಹೆಸರಿಟ್ಟಳು. ಮದುಮಗನನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಯಜಮಾನರು ಮೇಲೊಂದು ಬಲ್ಬು ತೂಗುಹಾಕಿದರು. ಬೆಳಕು ಜಗಮಗ, ಪಿಳ್ಳೆ ಗಡಗಡ. ಅದು ಎಲ್‌ಇಡಿ ಬಲ್ಬು! ಮೊದಲ ವಾರ ಪಿಳ್ಳೆಗೆ ಹತ್ತಿರ ಹತ್ತಿರ 35 ಡಿಗ್ರಿ ಬಿಸಿ ಬೇಕು. ಎಲ್‌ಇಡಿ ಕೆಳಗೆ ಅದು ಪುಸ್ತಕ ಓದಬಹುದು ಅಷ್ಟೆ. ತಂತಿ ಉರಿಯುವ ಹಳೇ ಬಲ್ಬು ಕೇಳಿಕೊಂಡು ಅಂಗಡಿ ಅಂಗಡಿ ತಿರುಗಿದ್ದಾಯಿತು. “ಯಾವ ಕಾಲದಲ್ಲಿದ್ದೀರಾ ಸಾರ್?” ಅಂತ ಎಲ್ಲರೂ ನಕ್ಕರು. ಕೊನೆಗೆ ಸಿಕ್ಕಿದ್ದು ಅತ್ತೆಯ ಟ್ರಂಕಿನಲ್ಲಿ, 60 ವ್ಯಾಟಿನದ್ದು, ಹಳೇ ಪೇಪರಿನಲ್ಲಿ ಸುತ್ತಿ ಜೋಪಾನ ಮಾಡಿದ್ದು. ಈ ಮನೆಯಲ್ಲಿ ಯಾವುದನ್ನೂ ಎಸೆಯಬಾರದು ಅಂತ ಅವರು ಆಮೇಲೆ ವಾರಗಟ್ಟಲೆ ಪಾಠ ಮಾಡಿದರು.

ಯಜಮಾನರು ಮೊಬೈಲಲ್ಲಿ ಓದು ಶುರು ಮಾಡಿದರು. ಅವರು ಓದಿದ್ದು ಮನೆಮಂದಿಗೆಲ್ಲ ಗೊತ್ತಾಗಲೇಬೇಕು. ನಾರ್ವೆಯ ಶೆಲ್ಡೆರಪ್ ಎಬ್ಬೆ ಅನ್ನುವವರು ಚಿಕ್ಕ ಹುಡುಗನಿದ್ದಾಗಲೇ ಕೋಳಿಗಳ ಮುಂದೆ ಕೂತು, ಯಾರು ಯಾರಿಗೆ ಕುಕ್ಕಿದರು ಅಂತ ಬರೆದಿಟ್ಟುಕೊಂಡು, 1922ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರಂತೆ. ಪ್ರತಿ ಕೋಳಿಗೂ ತಾನು ಯಾರಿಗೆ ಕುಕ್ಕಬಹುದು, ಯಾರಿಂದ ಕುಕ್ಕಿಸಿಕೊಳ್ಳಬೇಕು ಅಂತ ಗೊತ್ತಿರುತ್ತಂತೆ.

“ಅವನವ್ವ ಅವನಿಗೆ ಬೇರೆ ಕೆಲಸ ಹೇಳ್ತಿರ್ಲಿಲ್ವಾ?” ಅಂದರು ಅತ್ತೆ.

“ಇದು ಕೇಳಿಲ್ಲಿ ಅವ್ವ. 1903ರಲ್ಲಿ ಅಮೆರಿಕದ ಟೆನ್ನೆಸ್ಸಿಯಲ್ಲಿ ಒಬ್ಬರು ಕೋಳಿಗೆ ಕನ್ನಡಕ ಮಾಡಿ ಪೇಟೆಂಟೇ ತಗೊಂಡಿದ್ದಾರೆ. ಒಂದರ ಕಣ್ಣನ್ನ ಇನ್ನೊಂದು ಕುಕ್ಕದ ಹಾಗೆ.”

ಅತ್ತೆ ತಮ್ಮ ಕನ್ನಡಕ ತೆಗೆದು, ದಾರ ಕಟ್ಟಿದ ಕಡ್ಡಿಯನ್ನು ಮಗನ ಮುಂದೆ ಹಿಡಿದರು. ಕೋಳಿ ಕನ್ನಡಕದ ವಿಷಯ ಅಲ್ಲಿಗೆ ನಿಂತಿತು. ಮರುದಿನ ಬೆಳಿಗ್ಗೆಯೇ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಹೊಸ ಕನ್ನಡಕ ಕೊಡಿಸಿದ್ದಾಯಿತು. ಈ ಇಡೀ ಪ್ರಕರಣದಲ್ಲಿ ನಿಜವಾಗಿ ಲಾಭ ಆಗಿದ್ದು ಅವರಿಗೊಬ್ಬರಿಗೇ.

ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು. ಕಾಟ ಕೊಡುವ ಕೋಳಿಯನ್ನು ಕೆಲವು ದಿನ ಮಿಕ್ಕವರ ಕಣ್ಣಿಗೆ ಬೀಳದ ಕಡೆ ಕೂಡಿಹಾಕಬೇಕು. ಅಷ್ಟರಲ್ಲಿ ಉಳಿದವರು ತಮ್ಮ ತಮ್ಮ ಸ್ಥಾನ ಹಂಚಿಕೊಂಡಿರುತ್ತಾರೆ. ವಾಪಸ್ಸು ಬಂದವಳು ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಗಿರಿಜಾಳನ್ನು ಹಿತ್ತಲ ಬಚ್ಚಲುಮನೆಗೆ ಹಾಕಿ ಚಿಲಕ ಜಡಿದೆವು.

ಅವತ್ತೇ ನಾದಿನಿಯ ಮಾವನವರು ಬರಬೇಕೇ? ರಿಟೈರಾದ ಮೇಷ್ಟ್ರು, ಮಾತು ಕಮ್ಮಿ, ಪಂಚೆಗೆ ಒಂದು ಸುಕ್ಕು ಇರಲ್ಲ. ಕಾಲು ತೊಳೆಯೋಕೆ ಬಚ್ಚಲಿಗೆ ಹೋದರು. ಒಳಗೆ ಕತ್ತಲು. ಹಂಡೆಯ ಮೇಲೆ ಕೂತಿದ್ದ ಗಿರಿಜಾ ಬೆಳಕು ಕಂಡದ್ದೇ ಅವರ ಭುಜದ ಮೇಲಿಂದ ಹಾರಿದಳು. ತಂಬಿಗೆ ಉರುಳಿತು, ಮೇಷ್ಟ್ರು ಪಂಚೆಯ ಸಮೇತ ಒದ್ದೆ. ಮಗಳೂ ನಾನೂ ಸೌದೆಯ ಹಿಂದಿನಿಂದ ಗಿರಿಜಾಳನ್ನು ಹಿಡಿದು ತಂದಾಗ ಅವರು ಕೇಳಿದ್ದು ಒಂದೇ ಮಾತು: “ಏನು ತಪ್ಪು ಮಾಡಿತ್ತಮ್ಮ ಇದು?” ಯಜಮಾನರು ನಾರ್ವೆಯಿಂದ ಶುರು ಮಾಡಿ ಎಲ್ಲ ವಿವರಿಸಿದರು. ಮೇಷ್ಟ್ರು ಕೊನೆಯವರೆಗೂ ಕೇಳಿ, “ಸಾರು ಮಾಡೋದಲ್ವಾ?” ಅಂದರು. “ಶ್ರಾವಣ” ಅಂದೆ. ಅವರ ಮುಖದಲ್ಲಿ ಮೊದಲ ಸಲ ನಿಜವಾದ ನೋವು ಕಂಡಿತು.

ಮದುಮಗನನ್ನು ತಾಯಿಗೆ ಸೇರಿಸುವ ಕೆಲಸ ಅತ್ತೆಯದ್ದು. ಹಗಲಲ್ಲಿ ಬಿಟ್ಟರೆ ಕೆಂಪಿಯೇ ಯಾರೋ ಹೊಸಬ ಅಂತ ಅಟ್ಟಬಹುದು. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಅಷ್ಟಕ್ಕಷ್ಟೆ. ಅತ್ತೆ ದೀಪ ಆರಿಸಿ, ಮದುಮಗನನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕೆಂಪಿಯ ರೆಕ್ಕೆ ಅಡಿಗೆ ಮೆತ್ತಗೆ ತೂರಿಸಿದರು. ಅವಳು ಒಂದು ಸಲ ಕೊರ್ ಅಂದಳು, ಅಷ್ಟೆ. ಬೆಳಿಗ್ಗೆ ಅರಿಶಿನದ ತಲೆಯೂ ಮಿಕ್ಕವರ ಜೊತೆ ಹೊರಗೆ ಬಂತು. ಅವಳು ಎಣಿಸಲಿಲ್ಲ.

ಮುಂದೆ ಜಾಲರಿ ಬಂತು. ಹಿತ್ತಲ ಒಂದು ಪಾಲಿಗೆ ಜಾಲರಿ ಕಟ್ಟಿ, ತಾಯಿ ಮಕ್ಕಳು ಒಳಗೆ, ಮಿಕ್ಕವರು ಹೊರಗೆ. ದಿನಾ ಮುಖ ನೋಡಲಿ, ಮುಟ್ಟೋದು ಬೇಡ. ಆಮೇಲೆ ಕೆಳಗೆ ಇಟ್ಟಿಗೆ ಕೊಟ್ಟು ಪಿಳ್ಳೆ ಮಾತ್ರ ನುಸುಳುವಷ್ಟು ಕಿಂಡಿ. ಹೊರಗೆ ಹೋಗಿ ಆಡಬಹುದು, ಯಾರಾದರೂ ಅಟ್ಟಿದರೆ ಓಡಿ ಒಳಗೆ ಬರಬಹುದು. ಬಿಡುಗಡೆಯಾದ ಗಿರಿಜಾಳಿಗೆ ಮೊದಲ ದಿನವೇ ಚುಕ್ಕಿ ಕುಕ್ಕಿದಳು, ಅವಳು ಸುಮ್ನೆ ಪಕ್ಕಕ್ಕೆ ಸರಿದಳು. ಆದರೆ ಆಸೆ ಸತ್ತಿರಲಿಲ್ಲ. ಒಳಗಿದ್ದ ನುಚ್ಚಿಗೆ ಕಿಂಡಿಯಲ್ಲಿ ತಲೆ ತೂರಿಸಿದಳು. ತಲೆ ಹೋಯಿತು, ವಾಪಸ್ಸು ಬರಲಿಲ್ಲ. ಕೆಂಪಿ ನಿಧಾನವಾಗಿ ನಡೆದು ಬಂದಳು. ಹಿಂದಿನ ಬಾಕಿಯನ್ನೆಲ್ಲ ಗಿರಿಜಾಳ ಜುಟ್ಟಿನ ಮೇಲೆ ತೀರಿಸಿಕೊಂಡಳು. ನಾನು ಬಿಡಿಸುವಷ್ಟರಲ್ಲಿ ಇನ್ನೊಂದು ತಲೆಗೆ ಅರಿಶಿನ ಬೇಕಾಯಿತು.

ಹಿರಿಯರ ಹಬ್ಬದ ಹೊತ್ತಿಗೆ ಪಿಳ್ಳೆಗಳು ಬಲಿತಿದ್ದವು. ಒಂದು ಬೆಳಿಗ್ಗೆ ಕೆಂಪಿಯೇ ಒಂದೊಂದಕ್ಕೂ ಕುಕ್ಕಿ ದೂರ ಓಡಿಸಿದಳು. ತಾಯಿಕೋಳಿ ಹೀಗೇನೇ, ಎರಡು ತಿಂಗಳು ತುಂಬುವಷ್ಟರಲ್ಲಿ ನಿಮ್ಮ ಪಾಡು ನಿಮಗೆ ಅನ್ನುತ್ತೆ. ಮದುಮಗ ಹೋಗಿ ಮೊದಲು ನಿಂತಿದ್ದು ಗಿರಿಜಾಳ ಪಕ್ಕದಲ್ಲಿ. ಅವಳು ಅವನಿಗೂ ಒಂದು ಕೊಟ್ಟು ಕಳಿಸಿದಳು.

ಎಡೆಗೆ ಗಿರಿಜಾಳನ್ನೇ ಹಿಡಿಯೋಣ ಅಂತ ಯಜಮಾನರು ಹೊರಟರೆ ಅಡ್ಡ ಬಂದದ್ದು ಅತ್ತೆ. “ಅವ್ಳು ಮೊಟ್ಟೆ ಇಡೋಳು. ಅಂಗ್ಡಿಯಿಂದ ತಗೊಂಡ್ ಬಾ.” ಗಿರಿಜಾಳ ಮೊಟ್ಟೆ ಪಕ್ಕದ ಮನೆಗೆ ಹೋಗುತ್ತೆ, ಅದರ ದುಡ್ಡು ಅತ್ತೆಯ ಎಲೆ ಅಡಿಕೆ ಚೀಲ ಸೇರುತ್ತೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ.

ಈಗ ಬೋಳುಕುತ್ತಿಗೆಯವಳು ಕಾವಿಗೆ ಕೂತಿದ್ದಾಳೆ. ಯಜಮಾನರು ಜಾಲರಿ ಹುಡುಕುತ್ತಾ ಹಿತ್ತಲೆಲ್ಲ ಸುತ್ತುತ್ತಿದ್ದಾರೆ. ಅದು ಮಾಳಿಗೆ ಮೇಲಿದೆ, ಅದರ ಮೇಲೆ ಅತ್ತೆ ಸಂಡಿಗೆ ಇಟ್ಟಿದ್ದಾರೆ. ಒಣಗೋವರೆಗೂ ಕೊಡಲ್ಲವಂತೆ.