ಎಚ್ ಇಲ್ಲದ ಪಿಟ್ಸ್‌ಬರ್ಗ್

ಕಳೆದ ಶನಿವಾರ ನಾನು ಸುಮಾರು ನಲವತ್ತು ನಿಮಿಷ ಕೋಟ್ಯಧಿಪತಿ ಆಗಿದ್ದೆ.

ಪಿಟ್ಸ್‌ಬರ್ಗಿನ ನಮ್ಮ ಬೀದಿಯಲ್ಲಿ ಅಜ್ಜ ಒಬ್ಬರು ಗ್ಯಾರೇಜಿನ ಹಳೇ ಸಾಮಾನು ಮಾರಲು ಇಟ್ಟಿದ್ದರು. ಏಣಿ ತರಲು ಹೋದವನು ಎರಡು ಡಾಲರಿಗೆ ಒಂದು ಡಬ್ಬಿ ಬೇಸ್‌ಬಾಲ್ ಕಾರ್ಡ್ (ಆಟಗಾರರ ಚಿತ್ರ ಇರುವ ರಟ್ಟು) ತಂದೆ. ಅದರಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಒಂದು ರಟ್ಟು. ಕಿತ್ತಳೆ ಹಿನ್ನೆಲೆ, ನಡುಬೈತಲೆಯ ಗಂಭೀರ ಮುಖ, ಕೆಳಗೆ 'ವ್ಯಾಗ್ನರ್, ಪಿಟ್ಸ್‌ಬರ್ಗ್'.

ಹೋನಸ್ ವ್ಯಾಗ್ನರ್! ಹಳೇ ಕಾಲದ ಬೇಸ್‌ಬಾಲ್ ಆಟಗಾರ, ಇಲ್ಲಿನ ಸ್ಟೇಡಿಯಂ ಮುಂದೆ ಪ್ರತಿಮೆಯಾಗಿ ನಿಂತಿರುವ ಆಸಾಮಿ. 1909ರಿಂದ 1911ರವರೆಗೆ ಇಂಥ ಕಾರ್ಡ್ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿತ್ತು. ಅಪ್ಪನಿಗೆ ಹೊಗೆ, ಮಗನಿಗೆ ಚಿತ್ರ. ವ್ಯಾಗ್ನರ್ ಮಾತ್ರ ನನ್ನ ಚಿತ್ರ ಬೇಡ ಅಂದರಂತೆ. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟ್ ಕೊಳ್ಳಬಾರದು ಅಂತ ಕೆಲವರು ಹೇಳುತ್ತಾರೆ, ಕಂಪನಿ ದುಡ್ಡು ಕೊಡಲಿಲ್ಲ ಅಂತ ಇನ್ನು ಕೆಲವರು (ನಾನು ಎರಡನೇ ಪಾರ್ಟಿ). ಹಾಗಾಗಿ ಈಗ ಸಿಗುವುದು ಐವತ್ತೋ ಅರವತ್ತೋ ಅಷ್ಟೇ. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಹೋಯಿತು.

"ರೀ, ಇದರಲ್ಲಿ ಊರಿನ ಹೆಸರೇ ತಪ್ಪಿದೆ, ಕೊನೇ ಎಚ್ ಇಲ್ಲ" ಅಂದಳು ಹೆಂಡತಿ.

ಎದೆ ಧಸಕ್ ಅಂತು. ಫೋನಲ್ಲಿ ಹುಡುಕಿದರೆ, 1891ರಲ್ಲಿ ಸರ್ಕಾರ ಈ ಊರಿನ ಎಚ್ ಕಿತ್ತುಕೊಂಡು 1911ರಲ್ಲಿ ವಾಪಸ್ ಕೊಟ್ಟಿತಂತೆ. ಅಂದರೆ ಆ ಕಾಲದ ಕಾರ್ಡಿನಲ್ಲಿ ಎಚ್ ಇರಲೇಬಾರದು! ಮನೆ ಸಾಲ ತೀರಿಸಿದೆ, ಮೈಸೂರಲ್ಲಿ ಸೈಟ್ ತಗೊಂಡೆ, ಬಾಸಿಗೆ ಬರೆಯಬೇಕಾದ ಪತ್ರದ ಮೊದಲ ಸಾಲನ್ನೂ ಯೋಚಿಸಿದೆ. ಆಮೇಲೆ ತಿರುಗಿ ನೋಡಿದರೆ ಮೇಜಿನ ಮೇಲೆ ಕಾರ್ಡೇ ಇಲ್ಲ.

ಹೊರಗಿಂದ ಟರ್ರ್ ಅಂತ ಸದ್ದು.

ಮಗ ವ್ಯಾಗ್ನರ್ ಸಾಹೇಬರನ್ನು ಬಟ್ಟೆ ಕ್ಲಿಪ್ಪಿನಿಂದ ಸೈಕಲ್ಲಿಗೆ ಸಿಕ್ಕಿಸಿದ್ದ. ಚಕ್ರದ ಒಂದೊಂದು ಕಡ್ಡಿಯೂ ಅವರ ಮುಖಕ್ಕೆ ಬಡಿಯುತ್ತಿತ್ತು. ನಾನು ಪಂಚೆ ಎತ್ತಿ ಕಟ್ಟಿ, ಅರ್ಧ ಬೀದಿ ಓಡಿ, ಆ ಅಜ್ಜನ ಮನೆ ಎದುರೇ ಅವನನ್ನು ಹಿಡಿದೆ.

ಅಜ್ಜ ನಗುತ್ತಿದ್ದರು. "ನಾನೇ ಹೇಳಿಕೊಟ್ಟಿದ್ದು. ಚಿಕ್ಕವರಿದ್ದಾಗ ನಾವೂ ಹೀಗೇ ಮಾಡುತ್ತಿದ್ದೆವು, ಉಳಿದಿದ್ದನ್ನು ನಮ್ಮಮ್ಮ ಕಸಕ್ಕೆ ಎಸೆದಳು."

ನನಗೆ ಮಾತು ಹೊರಡಲಿಲ್ಲ. ಮೂಲೆ ಕಿತ್ತುಹೋದ ಕಾರ್ಡನ್ನು ತೋರಿಸಿದೆ. ಅವರು ಅದನ್ನು ಹಿಂದೆ ತಿರುಗಿಸಿ ಉಗುರಿನಿಂದ ಒಂದು ಕಡೆ ತೋರಿಸಿದರು. ಇರುವೆ ಗಾತ್ರದ ಅಕ್ಷರ: ರೀಪ್ರಿಂಟ್.

"ಅಪ್ಪಾ, ಹಿಂದಿನ ಚಕ್ರಕ್ಕೂ ಒಂದು ಬೇಕು" ಅಂದ ಮಗ.

ಡಬ್ಬಿಯಿಂದ ಇನ್ನೊಂದು ತೆಗೆದುಕೊಟ್ಟೆ. ಕೊಡೋ ಮುಂಚೆ ಸುಮ್ನೆ ಒಂದ್ಸಲ ಹಿಂದೆ ತಿರುಗಿಸಿ ನೋಡಿದೆ ಅನ್ನಿ.