ಹಿಂದಕ್ಕೂ ಹರಿಯುವ ನದಿ

ನದಿ ಎಂದರೆ ಒಂದೇ ದಿಕ್ಕಿಗೆ ಹರಿಯುವುದೆಂದು ನಂಬಿಕೊಂಡಿದ್ದ ಬಯಲುಸೀಮೆಯವನಾದ ನನಗೆ ಆ ನಂಬಿಕೆ ಸುಳ್ಳಾದದ್ದು ಕೋಲ್ಕತ್ತದ ಬಾಬುಘಾಟಿನ ಜೆಟ್ಟಿಯ ಮೇಲೆ. ಹೌರಾಕ್ಕೆ ಹೋಗುವ ಲಾಂಚಿಗಾಗಿ ಕಾಯುತ್ತ ಹೂಗ್ಲಿಯ ಕಂದು ನೀರನ್ನು ನೋಡುತ್ತಿದ್ದೆ. ಯಾರೋ ಪೂಜೆ ಮುಗಿಸಿ ಬಿಟ್ಟ ಚೆಂಡುಹೂವಿನ ಮಾಲೆಯೊಂದು ಅಂತರಗಂಗೆಯ ಗೊಂಚಲಿಗೆ ಸಿಕ್ಕಿಕೊಂಡು ತೇಲುತ್ತಿತ್ತು; ದಕ್ಷಿಣಕ್ಕೆ, ಸಮುದ್ರದ ಕಡೆಗೆ ಹೋಗಬೇಕಾದ ಅದು ಯಾವ ಅವಸರವೂ ಇಲ್ಲದೆ ಉತ್ತರಕ್ಕೆ ಹೊರಟಿತ್ತು. ನನ್ನ ಗಲಿಬಿಲಿಯನ್ನು ಗಮನಿಸಿದ ಪಕ್ಕದ ಕೊಡೆಯ ಗೃಹಸ್ಥರು "ಜೋಯಾರ್, ದಾದಾ" ಎಂದರು. ಜೋಯಾರ್ ಎಂದರೆ ಭರತ, ಭಾಟಾ ಎಂದರೆ ಇಳಿತ. ಸಮುದ್ರ ನೂರು ಕಿಲೋಮೀಟರಿಗೂ ಆಚೆ ಇದ್ದರೂ ಅದರ ಉಬ್ಬರವು ದಿನಕ್ಕೆ ಎರಡು ಬಾರಿ ಈ ನಗರದವರೆಗೂ ಬಂದು ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕೆಲವೊಮ್ಮೆ ನೀರು ಗೋಡೆಯಂತೆ ಎದ್ದು ಬರುವುದೂ ಉಂಟು. ಆಗ ಅಂಬಿಗರು ದಡದ ದೋಣಿಗಳನ್ನು ನಡುಹೊಳೆಗೆ ಒಯ್ಯುತ್ತಾರೆ. ಇಷ್ಟನ್ನೂ ವಿವರಿಸುವ ಭರದಲ್ಲಿ ಆ ಮಹಾಶಯರು ತಮ್ಮ ಲಾಂಚನ್ನೇ ತಪ್ಪಿಸಿಕೊಂಡರು. ಅವರಿಗೆ ಅದರ ಬೇಸರವೇನೂ ಇದ್ದಂತೆ ಕಾಣಲಿಲ್ಲ.

ಆ ಊರಿನಲ್ಲಿ ದಾರಿ ಕೇಳುವುದು ಸಣ್ಣ ಕೆಲಸವಲ್ಲ. ಪ್ರಿನ್ಸೆಪ್ ಘಾಟ್ ಎಲ್ಲಿ ಎಂದು ಒಬ್ಬರನ್ನು ಕೇಳಿದರೆ ಮೂವರು ಸೇರುತ್ತಾರೆ, ಮೂವರಿಗೂ ಬೇರೆ ಬೇರೆ ದಾರಿ ಗೊತ್ತಿರುತ್ತದೆ, ಕೇಳಿದವನನ್ನು ಮರೆತು ತಮ್ಮೊಳಗೇ ವಾದಕ್ಕಿಳಿಯುತ್ತಾರೆ. ಕೊನೆಗೆ ಸೋತವರು ನಮ್ಮ ಜೊತೆ ಅರ್ಧ ದಾರಿ ನಡೆದು ಬರುತ್ತಾರೆ. ಮಸ್ಕಿಯ ಬಂಡೆಯ ಮೇಲಿನ ಲಿಪಿಯನ್ನು ಇಂದು ನಾವು ಓದಬಲ್ಲೆವಾದರೆ, 1837ರಲ್ಲಿ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದ, ಈ ಘಾಟು ಯಾರ ಹೆಸರು ಹೊತ್ತಿದೆಯೋ ಆ ಜೇಮ್ಸ್ ಪ್ರಿನ್ಸೆಪ್‌ನ ಋಣ ನಮ್ಮ ಮೇಲೂ ಇದೆ ಎಂದು ನಾನು ಹೇಳಿದ್ದೇ ತಡ, ಜೊತೆಗೆ ಬಂದವರು ಉಳಿದರ್ಧ ದಾರಿಯನ್ನೂ ನಡೆದರು.

ಹೌರಾ ಸೇತುವೆಯನ್ನು ಲಾಂಚಿನಿಂದ, ಕೆಳಗಿನಿಂದಲೇ ನೋಡಬೇಕು. 1943ರಲ್ಲಿ ಸಂಚಾರಕ್ಕೆ ತೆರೆದ ಈ ಉಕ್ಕಿನ ರಾಶಿ ನದಿಯೊಳಗೆ ಒಂದು ಕಂಬವನ್ನೂ ಊರದೆ ದಡದಿಂದ ದಡಕ್ಕೆ ಚಾಚಿಕೊಂಡಿದೆ. ಇಷ್ಟು ಬಲಶಾಲಿಯಾದ ಸೇತುವೆಗೂ ಪಾನ್ ಜಗಿದವರ ಉಗುಳು ತಡೆಯಲಾಗದೆ, ತೂಗುಕಂಬಗಳ ಬುಡಕ್ಕೆ ಫೈಬರ್‌ಗ್ಲಾಸಿನ ಹೊದಿಕೆ ತೊಡಿಸಬೇಕಾಯಿತಂತೆ. ಸೇತುವೆಯ ಬುಡದ ಮಲ್ಲಿಕ್ ಘಾಟಿನ ಹೂವಿನ ಸಂತೆಯಲ್ಲಿ, ತಲೆಯ ಮೇಲೆ ಚೆಂಡುಹೂವಿನ ಬೆಟ್ಟವನ್ನೇ ಹೊತ್ತ ಒಬ್ಬ ಹುಡುಗ ಆ ನೂಕುನುಗ್ಗಲಿನ ನಡುವೆಯೂ ನಿಂತು, ನಾನು ಕೆಸರು ದಾಟುವವರೆಗೆ ಕಾದ. ಕಿತ್ತಳೆ ಬಣ್ಣದ ಎಸಳುಗಳು ಸಂಜೆಯವರೆಗೂ ನನ್ನ ಚಪ್ಪಲಿಗೆ ಅಂಟಿಕೊಂಡಿದ್ದವು.

ಹೊರಡುವ ದಿನ ಅದೇ ಜೆಟ್ಟಿಯಲ್ಲಿ ಮಣ್ಣಿನ ಲೋಟದ ಚಹಾ ಮುಗಿಸಿ, ಚಹಾದವನಿಗೆ ನಾನು ಹೋಗುತ್ತೇನೆ ಎಂದು ಕಲಿತಷ್ಟು ಬಂಗಾಳಿಯಲ್ಲಿ ಹೇಳಿದೆ. ಆತ ತಲೆಯಾಡಿಸಿ, "ಆಶಿ" ಎನ್ನಬೇಕೆಂದು ತಿದ್ದಿದ. ಆಶಿ, ಬರುತ್ತೇನೆ. ನಮ್ಮ ಅಜ್ಜಿಯೂ ಹೊಸ್ತಿಲಲ್ಲಿ ನಿಂತು ಇದನ್ನೇ ತಿದ್ದುತ್ತಿದ್ದಳು. ನಾನು ತಿದ್ದಿಕೊಂಡು ಹೇಳಿ ಲಾಂಚು ಹತ್ತುವಷ್ಟರಲ್ಲಿ ನೀರು ತಿರುಗಿತ್ತು; ಅಂತರಗಂಗೆಯ ಗೊಂಚಲುಗಳು ಒಂದೊಂದಾಗಿ ದಕ್ಷಿಣಕ್ಕೆ ಹೊರಟಿದ್ದವು.